ಎರಡು ಕ್ಲಚ್ಚೋ, ಎಡಗಾಲೋ: ದೇವಿಮನೆ ಘಟ್ಟದಲ್ಲಿ ಸ್ಪೋರ್ಟ್ಸ್ ಕಾರಿನ ಗೇರ್‌ಬಾಕ್ಸ್ ಲೆಕ್ಕ

ವೇಗದ ವಿಚಾರದಲ್ಲಿ ಜಗಳ ಮುಗಿದು ವರ್ಷಗಳೇ ಆದವು. ಪೋರ್ಷೆ ಕಂಪನಿ 2021ರಲ್ಲಿ ತಂದ 911 ಜಿಟಿ3 ಕಾರನ್ನೇ ನೋಡಿ. ಒಂದೇ ಎಂಜಿನ್, ಅದೇ 510 ಅಶ್ವಶಕ್ತಿ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದ್ದರೆ ಸೊನ್ನೆಯಿಂದ 100 ಕಿ.ಮೀ. ವೇಗಕ್ಕೆ 3.4 ಸೆಕೆಂಡು ಸಾಕು. ಕೈಯಲ್ಲಿ ಗೇರ್ ಹಾಕುವ ಮ್ಯಾನ್ಯುವಲ್ ಆದರೆ 3.9 ಸೆಕೆಂಡು ಬೇಕು. ಅರ್ಧ ಸೆಕೆಂಡು ಅಂದರೆ ಏನು ಮಹಾ ಅನ್ನಿಸಬಹುದು. 100ರ ವೇಗದಲ್ಲಿ ಕಾರು ಅಷ್ಟರೊಳಗೆ ಸುಮಾರು 14 ಮೀಟರ್ ಹೋಗಿರುತ್ತದೆ. ಮೂರು ಕಾರುಗಳ ಉದ್ದ. ರೇಸ್ ಟ್ರ್ಯಾಕಿನಲ್ಲಿ ಅದು ದೊಡ್ಡ ಅಂತರ. ಎಷ್ಟೇ ಪಳಗಿದ ಚಾಲಕನಾದರೂ ಕೈಕಾಲು ಆಡಿಸಿ ಈ ಯಂತ್ರಕ್ಕಿಂತ ಬೇಗ ಗೇರ್ ಬದಲಿಸಲಾರ.

ಆದರೂ ಅದೇ ಕಂಪನಿ, ಅದೇ ಕಾರಿಗೆ, ನಿಧಾನದ ಮ್ಯಾನ್ಯುವಲ್ಲನ್ನೂ ಕೊಡುತ್ತದೆ. ಜನ ಹುಡುಕಿಕೊಂಡು ಹೋಗಿ ಅದನ್ನೇ ಕೊಳ್ಳುತ್ತಾರೆ.

ನನ್ನ ಭಾವನಿಗೂ ಈಗ ಇದೇ ತಲೆಬಿಸಿ. ಅವನ ಕೆಲಸ ಬೆಂಗಳೂರಿನಲ್ಲಿ, ಮನೆ ಶಿರಸಿ ಹತ್ತಿರ. ತಿಂಗಳಿಗೊಮ್ಮೆ ಊರಿಗೆ ಬರುತ್ತಾನೆ. ಬಂದಾಗಲೆಲ್ಲ ಕುಮಟಾ, ಕಾರವಾರ ಅಂತ ಘಟ್ಟ ಇಳಿದು ಹತ್ತುವುದು ಇದ್ದೇ ಇರುತ್ತದೆ. ಹತ್ತು ವರ್ಷ ದುಡ್ಡು ಕೂಡಿಸಿಟ್ಟು ಈಗ ಒಂದು ಒಳ್ಳೆಯ ಸ್ಪೋರ್ಟ್ಸ್ ಕಾರು ತಗೊಳ್ಳುವ ಮನಸ್ಸು ಮಾಡಿದ್ದಾನೆ. ಯಾವ ಗೇರ್‌ಬಾಕ್ಸ್ ಅಂತ ನನ್ನನ್ನು ಕೇಳಿದ. ಇಂಟರ್ನೆಟ್ಟಿನಲ್ಲಿ ಸಿಗುವ ಉತ್ತರಗಳೆಲ್ಲ ಜರ್ಮನಿಯ ಹೆದ್ದಾರಿಗೋ, ಯಾವುದೋ ಟ್ರ್ಯಾಕಿಗೋ ಹೊಂದುವಂಥವು. ನಮ್ಮ ರಸ್ತೆ ಕೇಳುವ ಪ್ರಶ್ನೆಗಳು ಬೇರೆ. ಆ ಪ್ರಶ್ನೆಗಳನ್ನು ಹಿಡಿದೇ ಈ ಲೆಕ್ಕ ಹಾಕಬೇಕು ಅನ್ನುವುದು ನನ್ನ ಮಾತು.

ಮೊದಲು ಒಳಗೆ ಏನಾಗುತ್ತದೆ ಅಂತ ನೋಡೋಣ. ಮ್ಯಾನ್ಯುವಲ್ ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಒಂದೇ ಕ್ಲಚ್. ಪೆಡಲ್ ಒತ್ತಿದರೆ ಎರಡರ ಸಂಬಂಧ ತಪ್ಪುತ್ತದೆ. ಗೇರ್ ಬದಲಿಸಿ ಪೆಡಲ್ ಬಿಡುವ ತನಕ ಚಕ್ರಕ್ಕೆ ಎಳೆತ ಸಿಗುವುದಿಲ್ಲ. ಸಮಯ ಹೋಗುವುದು ಅಲ್ಲೇ. ಡ್ಯುಯಲ್ ಕ್ಲಚ್ಚಿನಲ್ಲಿ ಎರಡು ಕ್ಲಚ್, ಎರಡು ಶಾಫ್ಟು (ತಿರುಗುವ ದಂಡ). 1, 3, 5, 7ನೇ ಗೇರುಗಳು ಒಂದರ ಪಾಲಿಗೆ. 2, 4, 6 ಇನ್ನೊಂದರ ಪಾಲಿಗೆ. ನೀವು ಮೂರನೇ ಗೇರಿನಲ್ಲಿ ಹೋಗುತ್ತಿರುವಾಗಲೇ ಕಂಪ್ಯೂಟರ್ ನಾಲ್ಕನೆಯದನ್ನು ಹಾಕಿ ಇಟ್ಟಿರುತ್ತದೆ. ಹೊತ್ತು ಬಂದಾಗ ಒಂದು ಕ್ಲಚ್ ಬಿಡುತ್ತದೆ, ಅದೇ ಕ್ಷಣ ಇನ್ನೊಂದು ಹಿಡಿಯುತ್ತದೆ.

ನಮ್ಮ ಕಡೆಯವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಅಡಿಕೆ ತೋಟದಲ್ಲಿ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು, ಕೊನೆ ತೆಗೆಯುವುದನ್ನು ನೋಡಿದ್ದೀರಲ್ಲ? ಒಂದು ಮರದ ಕೊನೆ ತೆಗೆದಾದ ಮೇಲೆ ಅವನು ಕೆಳಗೆ ಇಳಿಯುವುದಿಲ್ಲ. ಮರವನ್ನು ತೂಗಿ, ಪಕ್ಕದ ಮರ ಕೈಗೆ ಸಿಕ್ಕ ಮೇಲೆಯೇ ಮೊದಲಿನದನ್ನು ಬಿಡುತ್ತಾನೆ. ಡ್ಯುಯಲ್ ಕ್ಲಚ್ ಮಾಡುವುದು ಅದನ್ನೇ. ಮ್ಯಾನ್ಯುವಲ್ ಅಂದರೆ ಪ್ರತಿ ಸಲ ಇಳಿದು, ನಡೆದು, ಮತ್ತೆ ಹತ್ತಿದ ಹಾಗೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಊರಲ್ಲಿ ಕ್ಲಚ್ ಪೆಡಲ್ ಇಲ್ಲದ ಎಲ್ಲ ಕಾರಿಗೂ ‘ಆಟೋಮ್ಯಾಟಿಕ್’ ಅಂತಲೇ ಹೆಸರು. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂದ ಎಎಂಟಿ ಬೇರೆ. ಅದರಲ್ಲಿ ಇರುವುದು ಮಾಮೂಲಿ ಒಂದೇ ಕ್ಲಚ್, ಅದನ್ನು ಒತ್ತುವ ಕೆಲಸ ಮಾತ್ರ ಯಂತ್ರದ್ದು. ಟಾರ್ಕ್ ಕನ್ವರ್ಟರ್ ಇರುವ ಹಳೇ ಮಾದರಿಯ ಆಟೋಮ್ಯಾಟಿಕ್ ಮತ್ತೂ ಬೇರೆ. ಅಲ್ಲಿ ಎಂಜಿನ್ನಿನ ಎಳೆತ ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಹೋಗುತ್ತದೆ. ಈ ಎಣ್ಣೆಯ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡು ಕ್ಲಚ್ಚಿನ ಯೋಚನೆ ತುಂಬಾ ಹಳೆಯದು. ಫ್ರಾನ್ಸಿನ ಎಂಜಿನಿಯರ್ ಅಡಾಲ್ಫ್ ಕೆಗ್ರೆಸ್ ಎರಡನೇ ಮಹಾಯುದ್ಧಕ್ಕೂ ಮುಂಚೆಯೇ ಇದನ್ನು ಕಂಡಿದ್ದ. ಆದರೆ ಎರಡು ಕ್ಲಚ್ಚುಗಳನ್ನು ಅಷ್ಟು ಕರಾರುವಾಕ್ಕಾಗಿ ಆಡಿಸಲು ಎಲೆಕ್ಟ್ರಾನಿಕ್ಸ್ ಬರಬೇಕಿತ್ತು. 1980ರ ದಶಕದಲ್ಲಿ ಪೋರ್ಷೆ ತನ್ನ 962 ರೇಸ್ ಕಾರಿನಲ್ಲಿ ಹಾಕಿ ನೋಡಿತು. ಜನ ಕೊಂಡು ಓಡಿಸುವ ಕಾರಿಗೆ ಅದು ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ. 2007ರ ನಿಸಾನ್ ಜಿಟಿ-ಆರ್, 2008ರ ಫೆರಾರಿ ಕ್ಯಾಲಿಫೋರ್ನಿಯಾ, 2009ರ ಫೆರಾರಿ 458... ಆಮೇಲೆ ಸಾಲಾಗಿ ಎಲ್ಲರೂ ಬಂದರು. 458ಕ್ಕೆ ಮ್ಯಾನ್ಯುವಲ್ ಆಯ್ಕೆಯೇ ಇರಲಿಲ್ಲ.

ಈಗ ಘಟ್ಟಕ್ಕೆ ಬರೋಣ.

ಶಿರಸಿ-ಕುಮಟಾ ರಸ್ತೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಅಮ್ಮಿನಳ್ಳಿ, ಬಂಡಲ, ರಾಗಿಹೊಸಳ್ಳಿ ದಾಟಿದ ಮೇಲೆ ದೇವಿಮನೆ. ಅಲ್ಲಿಂದ ಕತಗಾಲದ ಕಡೆ ಇಳಿಯುವ ತಿರುವುಗಳು. ಒಮ್ಮೆ ದೀಪಾವಳಿ ರಜೆ ಮುಗಿಸಿ ಕುಮಟಾದಿಂದ ವಾಪಸ್ ಹತ್ತುತ್ತಿದ್ದೆವು. ಕಾರು ಭಾವನದ್ದು, ಡ್ಯುಯಲ್ ಕ್ಲಚ್ಚಿನ ಸಣ್ಣ ಕಾರು. ಸ್ಟಿಯರಿಂಗ್ ನನ್ನ ಕೈಲಿತ್ತು. ಮುಂದೆ ಜಲ್ಲಿ ತುಂಬಿದ ಲಾರಿ. ಅದರ ಮುಂದೆ ಇನ್ನೊಂದು. ಎದುರಿನಿಂದ ಬಸ್ಸು ಬಂದು ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಲಾರಿ ನಾಲ್ಕು ಅಡಿ ಮುಂದೆ ಹೋಗುವುದು, ನಿಲ್ಲುವುದು. ನಾವೂ ಹಿಂದೆ ನಾಲ್ಕು ಅಡಿ, ಮತ್ತೆ ನಿಲ್ಲುವುದು. ಹತ್ತು ನಿಮಿಷ ಹೀಗೇ ನಡೆಯಿತು. ಭಾವ ಕಿಟಕಿ ಇಳಿಸಿ ಮೂಗು ಎಳೆದ. ‘ಭಾವ, ಎಂತದೋ ಸುಟ್ಟ ವಾಸ್ನೆ ಬತ್ತಾ ಇದ್ದು’ ಅಂದ. ಲಾರಿದ್ದೇ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಕಾರು ಸಣ್ಣಗೆ ನಡುಗಲು ಶುರುವಾಯಿತು. ಮೀಟರಿನಲ್ಲಿ ಹಳದಿ ದೀಪ, ಗೇರ್‌ಬಾಕ್ಸ್ ಬಿಸಿಯಾಗಿದೆ, ನಿಲ್ಲಿಸಿ ಅನ್ನುವ ಸಂದೇಶ. ಅಗಲ ಇದ್ದ ಒಂದು ತಿರುವಿನಲ್ಲಿ ಬದಿಗೆ ಹಾಕಿ ಇಪ್ಪತ್ತೈದು ನಿಮಿಷ ಕೂತೆವು. ಹಿಂದಿನ ಸೀಟಿನಲ್ಲಿ ಮಗು ಅಳುತ್ತಿತ್ತು. ಮ್ಯಾನ್ಯುವಲ್ ಗಾಡಿಗಳು ಒಂದೊಂದಾಗಿ ನಮ್ಮನ್ನು ದಾಟಿ ಹೋದವು.

ಆದದ್ದೇನು? ಮ್ಯಾನ್ಯುವಲ್ ಕಾರು ಕಲಿಸುವಾಗ ಮೇಸ್ಟ್ರು ಮೊದಲು ಬಯ್ಯುವುದೇ ‘ಹಾಫ್ ಕ್ಲಚ್ಚಲ್ಲಿ ಏರು ಹತ್ತಬೇಡ, ಪ್ಲೇಟ್ ಸುಡುತ್ತೆ’ ಅಂತ. ಹಾಫ್ ಕ್ಲಚ್ ಅಂದರೆ ಕ್ಲಚ್ ಪ್ಲೇಟ್ ಪೂರ್ತಿ ಹಿಡಿಯದೆ ಉಜ್ಜುತ್ತಾ ಇರುವುದು. ಡ್ಯುಯಲ್ ಕ್ಲಚ್ ಕಾರು ಏರಿನಲ್ಲಿ ತೆವಳುವಾಗ ಅದೇ ಹಾಫ್ ಕ್ಲಚ್ಚನ್ನು ಕಂಪ್ಯೂಟರ್ ಮಾಡುತ್ತಿರುತ್ತದೆ. ನಮ್ಮ ಕಾಲಿಗೆ ಅದು ಗೊತ್ತಾಗುವುದಿಲ್ಲ. ಹೊರಡುವುದು ಒಂದನೇ ಗೇರಿನಲ್ಲೇ ಆದ್ದರಿಂದ ಎರಡರಲ್ಲಿ ಒಂದೇ ಕ್ಲಚ್ ಪೂರ್ತಿ ಪೆಟ್ಟು ತಿನ್ನುತ್ತದೆ. ನಮ್ಮ ಕಾರಿನಲ್ಲಿ ಇದ್ದದ್ದು ಒಣ ಕ್ಲಚ್. ಅದು ತಣ್ಣಗಾಗಬೇಕಾದರೆ ಗಾಳಿಯೇ ಗತಿ. ಜಾಸ್ತಿ ಶಕ್ತಿಯ ಸ್ಪೋರ್ಟ್ಸ್ ಕಾರುಗಳಲ್ಲಿ ಬರುವುದು ಎಣ್ಣೆಯಲ್ಲಿ ಮುಳುಗಿದ ಕ್ಲಚ್. ಎಣ್ಣೆ ಆ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಪೋರ್ಷೆ, ಫೆರಾರಿ, ಗಾಲ್ಫ್ ಜಿಟಿಐ ಇವೆಲ್ಲ ಈ ಜಾತಿ. ಅಗ್ಗದ ಕಾರಿನಲ್ಲೂ ಇದು ಇಲ್ಲವೆಂದಲ್ಲ, ಟಾಟಾ ಆಲ್ಟ್ರೋಜ್ 2022ರಲ್ಲೇ ಎಣ್ಣೆ ಕ್ಲಚ್ಚಿನ ಗೇರ್‌ಬಾಕ್ಸ್ ತಂದಿತ್ತು. ಟಾರ್ಕ್ ಕನ್ವರ್ಟರಿನಲ್ಲಂತೂ ತೆವಳುವಾಗ ಸವೆಯುವ ಪ್ಲೇಟೇ ನಡುವೆ ಇರುವುದಿಲ್ಲ, ಎಲ್ಲ ಎಣ್ಣೆಯ ಆಟ.

ಹಾಗಾಗಿ ಷೋರೂಮಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಕ್ಲಚ್ ಒಣದೋ, ಎಣ್ಣೆಯದೋ ಅಂತ. ಎಷ್ಟು ಸೆಕೆಂಡಿಗೆ 100 ಮುಟ್ಟುತ್ತದೆ ಅನ್ನುವುದು ಆಮೇಲೆ. ಮಾರುವವರಿಗೆ ಉತ್ತರ ಗೊತ್ತಿರದಿದ್ದರೆ ಸರ್ವಿಸ್ ವಿಭಾಗದವರನ್ನು ಕರೆಸಿ ಕೇಳಿ. ನಮ್ಮ ಘಟ್ಟಗಳಲ್ಲಿ ಈ ತೆವಳಾಟ ಅಪರೂಪಕ್ಕೆ ಆಗುವಂಥದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ 66 ಬಂದ್ ಆಯಿತು. ಆ ದುಃಖ ಇಲ್ಲಿ ಯಾರೂ ಮರೆತಿಲ್ಲ. ಒಂದು ರಸ್ತೆ ಬಂದ್ ಆದಾಗ ವಾಹನಗಳೆಲ್ಲ ಉಳಿದ ರಸ್ತೆಗೆ ಬಂದು ಬೀಳುತ್ತವೆ. ಆಗ ಏರಿನಲ್ಲಿ ಗಂಟೆಗಟ್ಟಲೆ ಸಾಲು. ಇಲ್ಲಿ ಕಾರು ಇಟ್ಟುಕೊಳ್ಳುವವರು ಅಂಥ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಡ್ಯುಯಲ್ ಕ್ಲಚ್ ಕಾರು ಈಗಾಗಲೇ ಇದ್ದರೆ ಓಡಿಸುವ ರೀತಿ ಬದಲಿಸಿಕೊಂಡರೆ ಬಹಳ ಮಟ್ಟಿಗೆ ಸಾಕಾಗುತ್ತದೆ. ಆ ದಿನ ನಾನು ಮಾಡಿದ ತಪ್ಪು ಲಾರಿಯ ಬಾಲ ಬಿಡದೆ ಹೋದದ್ದು. ಮುಂದಿನ ಗಾಡಿಗೆ ಎರಡು ಕಾರಿನಷ್ಟು ಜಾಗ ಬಿಟ್ಟು ನಿಲ್ಲಬೇಕು. ಜಾಗ ಆದಾಗ ಒಮ್ಮೆಲೇ ಹೊರಟು ಕ್ಲಚ್ ಪೂರ್ತಿ ಹಿಡಿಯಲು ಬಿಡಬೇಕು. ಮತ್ತೆ ನಿಲ್ಲುವುದಾದರೆ ಬ್ರೇಕ್ ಒತ್ತಿ ಪೂರ್ತಿ ನಿಲ್ಲಬೇಕು. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಕಾರನ್ನು ಹಿಂದೆ ಜಾರದಂತೆ ಹಿಡಿಯುವ ಅಭ್ಯಾಸ ತುಂಬಾ ಜನರಿಗಿದೆ. ಕ್ಲಚ್ಚಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಇನ್ನು ಇಳಿಜಾರು. ಘಟ್ಟ ಇಳಿಯುವಾಗ ಲೋ ಗೇರಿನಲ್ಲಿ ಇಳಿಯಬೇಕು, ಬ್ರೇಕ್ ಮೇಲೆಯೇ ಭಾರ ಹಾಕಬಾರದು ಅನ್ನುವುದು ಲಾರಿ ಡ್ರೈವರ್‌ಗಳಿಂದ ನಾವೆಲ್ಲ ಕಲಿತದ್ದು. ಮ್ಯಾನ್ಯುವಲ್ಲಿನಲ್ಲಿ ಎರಡನೇ ಗೇರಿಗೆ ಹಾಕಿದರೆ ಅದು ಎರಡರಲ್ಲೇ ಇರುತ್ತದೆ. ಡ್ಯುಯಲ್ ಕ್ಲಚ್ಚನ್ನು ಸುಮ್ನೆ ‘ಡಿ’ಯಲ್ಲಿ, ಅಂದರೆ ಗೇರ್ ಆಯ್ಕೆಯನ್ನು ಕಾರಿಗೇ ಬಿಡುವ ಡ್ರೈವ್ ಸ್ಥಾನದಲ್ಲಿ, ಬಿಟ್ಟರೆ ಪೆಟ್ರೋಲ್ ಉಳಿಸಲು ಮೇಲಿನ ಗೇರಿಗೆ ಹೋಗಿಬಿಡುವ ಗುಣ ಅದಕ್ಕಿದೆ. ತಿರುವಿಗೆ ಬಂದಾಗ ಎಂಜಿನ್ನಿನ ಹಿಡಿತ ಸಿಗುವುದಿಲ್ಲ, ಬ್ರೇಕ್ ಬಿಸಿಯಾಗುತ್ತದೆ. ಸ್ಟಿಯರಿಂಗ್ ಹಿಂದೆ ಇರುವ, ಬೆರಳಲ್ಲಿ ಗೇರ್ ಬದಲಿಸುವ ಪ್ಯಾಡಲ್ ಎಳೆದು ಎರಡೋ ಮೂರೋ ಗೇರು ಹಾಕಿ ಮ್ಯಾನ್ಯುವಲ್ ಮೋಡಿನಲ್ಲೇ ಇಳಿಸಿದರೆ ಈ ತೊಂದರೆ ಇಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲೆಯೇ ಇರುತ್ತವೆ. ಜೋರು ಮಳೆ, ಮಂಜು ಇರುವಾಗ ಇದು ಸಣ್ಣ ಲಾಭ ಅಲ್ಲ. ನಾನು ಮ್ಯಾನ್ಯುವಲ್ ಪಕ್ಷದವನೇ ಆದರೂ ಆಷಾಢದ ರಾತ್ರಿ ಘಟ್ಟ ಇಳಿಯಬೇಕಾದರೆ ಒಳ್ಳೆಯ ಎಣ್ಣೆ ಕ್ಲಚ್ಚಿನ ಕಾರು ಸಿಕ್ಕರೆ ಬೇಡ ಅನ್ನುವುದಿಲ್ಲ.

ಈಗ ಮುಖ್ಯ ವಿಷಯ, ಓಡಿಸುವ ಖುಷಿ. ಸ್ಪೋರ್ಟ್ಸ್ ಕಾರು ಕೊಳ್ಳುವುದೇ ಅದಕ್ಕಾಗಿ ಅಲ್ವಾ?

ಪೋರ್ಷೆಯ ಕಥೆ ಇಲ್ಲಿ ಕಣ್ಣು ತೆರೆಸುವಂಥದ್ದು. 2013ರಲ್ಲಿ ಕಂಪನಿ 911 ಜಿಟಿ3ಯಿಂದ ಮ್ಯಾನ್ಯುವಲ್ಲನ್ನು ತೆಗೆದೇ ಹಾಕಿತು. ಡ್ಯುಯಲ್ ಕ್ಲಚ್ ಬೇಗ ಓಡುತ್ತದೆ, ಇನ್ನೇಕೆ ಹಳೆಯದು ಅನ್ನುವ ಲೆಕ್ಕ. ಅಭಿಮಾನಿಗಳು ಬೇಸರ ಪಟ್ಟರು. 2016ರಲ್ಲಿ 911 ಆರ್ ಅಂತ ಆರು ಗೇರಿನ ಮ್ಯಾನ್ಯುವಲ್ ಕಾರು ಬಂತು, ಬರೀ 991. ಅವು ಎಷ್ಟು ಬೇಗ ಖಾಲಿಯಾದವು ಅಂದರೆ ಮರುಮಾರಾಟದಲ್ಲಿ ಬೆಲೆ ಮೂಲ ಬೆಲೆಯನ್ನು ಎಷ್ಟೋ ಪಾಲು ದಾಟಿತು. 2017ರಲ್ಲಿ ಜಿಟಿ3ಗೆ ಮ್ಯಾನ್ಯುವಲ್ ವಾಪಸ್ ಬಂತು. 2023ರಲ್ಲಿ 911ಕ್ಕೆ 60 ವರ್ಷ ತುಂಬಿದ ನೆನಪಿಗೆ ಎಸ್/ಟಿ ಅಂತ ಮಾಡಿದ ಒಟ್ಟು 1,963 ಕಾರುಗಳಿಗೆ ಮ್ಯಾನ್ಯುವಲ್ ಬಿಟ್ಟು ಬೇರೆ ಗೇರ್‌ಬಾಕ್ಸೇ ಇರಲಿಲ್ಲ. ಟೊಯೋಟಾದ್ದೂ ಇದೇ ದಾರಿ. 2019ರಲ್ಲಿ ಬರೀ ಆಟೋಮ್ಯಾಟಿಕ್ ಆಗಿ ಬಂದ ಸುಪ್ರಾಗೆ 2022ರಲ್ಲಿ ಮ್ಯಾನ್ಯುವಲ್ ಸೇರಿಸಬೇಕಾಯಿತು.

ಜನ ಅರ್ಧ ಸೆಕೆಂಡು ಬಿಟ್ಟುಕೊಟ್ಟು ಪಡೆದದ್ದೇನು? ಎಡಗಾಲಿಗೆ ಒಂದು ಕೆಲಸ, ಎಡಗೈಗೆ ಒಂದು ಕೆಲಸ. ತಿರುವಿಗೆ ಮುಂಚೆ ಬ್ರೇಕ್ ಒತ್ತಿರುವ ಬಲಗಾಲಿನ ಅಂಚಿನಿಂದಲೇ ಆಕ್ಸಿಲರೇಟರನ್ನು ಒಮ್ಮೆ ತಟ್ಟಿ, ಎಂಜಿನ್ ಸುತ್ತು ಏರಿಸಿ, ಮೂರರಿಂದ ಎರಡಕ್ಕೆ ಇಳಿಸಿದಾಗ ಕಾರು ಒಂಚೂರೂ ಜಗ್ಗದೆ ಗೇರ್ ತಗೊಳ್ಳುತ್ತದಲ್ಲ, ಅದನ್ನು ಮೊದಲ ಸಲ ಸರಿಯಾಗಿ ಮಾಡಿದ ದಿನ ನನಗೆ ಇವತ್ತಿಗೂ ನೆನಪಿದೆ. ಬಂಡಲದ ಹತ್ತಿರ, ಬೆಳಿಗ್ಗೆ ಆರೂವರೆಗೆ, ಹಳೇ ಕಾರಿನಲ್ಲಿ. ವೇಗ ನಲವತ್ತು ಕೂಡ ಇರಲಿಲ್ಲ. ಲಿವರ್ ತನ್ನ ಜಾಗಕ್ಕೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಆ ಸಂತೋಷಕ್ಕೆ ಸೆಕೆಂಡುಗಳ ಲೆಕ್ಕ ಇಲ್ಲ.

ಆದರೆ ಇಲ್ಲೊಂದು ತೊಡಕಿದೆ. ಇದನ್ನು ಯಾರೂ ಕೊಳ್ಳುವವರಿಗೆ ಮುಂಚೆ ಹೇಳುವುದಿಲ್ಲ. ದೊಡ್ಡ ಸ್ಪೋರ್ಟ್ಸ್ ಕಾರುಗಳ ಗೇರುಗಳು ತುಂಬಾ ಉದ್ದ, ಅಂದರೆ ಒಂದೊಂದು ಗೇರೂ ಬಹಳ ವೇಗದ ತನಕ ಎಳೆಯುತ್ತದೆ. ಪೋರ್ಷೆ ಕೇಮನ್ ಜಿಟಿ4ನ್ನು ತಗೊಳ್ಳಿ. ಮ್ಯಾನ್ಯುವಲ್ ಪ್ರಿಯರು ಮೆಚ್ಚುವ ಕಾರು. ಅದರ ಎರಡನೇ ಗೇರೊಂದೇ 130 ಕಿ.ಮೀ. ವೇಗ ದಾಟುತ್ತದೆ. ದೇವಿಮನೆಯಲ್ಲಿ ಆ ಕಾರನ್ನು ಎರಡನೇ ಗೇರಿಗೆ ಹಾಕಿದರೆ ಕತಗಾಲ ಬರುವ ತನಕ ಲಿವರ್ ಮುಟ್ಟುವ ಕೆಲಸವೇ ಇಲ್ಲ! ಕೋಟಿಗಟ್ಟಲೆ ಕೊಟ್ಟು ಮ್ಯಾನ್ಯುವಲ್ ತಗೊಂಡು, ಗೇರ್ ಬದಲಿಸುವ ಅವಕಾಶವೇ ಸಿಗದಿದ್ದರೆ ಏನು ಬಂತು? ಅದಕ್ಕಿಂತ 120ರಿಂದ 160 ಅಶ್ವಶಕ್ತಿಯ ಸಣ್ಣ ಟರ್ಬೋ ಕಾರಿನ ಮ್ಯಾನ್ಯುವಲ್ ಘಟ್ಟದಲ್ಲಿ ಜಾಸ್ತಿ ಕೆಲಸ ಕೊಡುತ್ತದೆ, ಜಾಸ್ತಿ ಖುಷಿಯನ್ನೂ ಕೊಡುತ್ತದೆ. ಹುಂಡೈ ಐ20 ಎನ್ ಲೈನ್, ಕ್ರೆಟಾ ಎನ್ ಲೈನ್, ಫೋಕ್ಸ್‌ವ್ಯಾಗನ್ ವರ್ಟಸ್‌ನ 1.5 ಲೀಟರ್ ಎಂಜಿನ್ ಕಾರು ಇವೆಲ್ಲ ಎರಡೂ ಬಗೆಯ ಗೇರ್‌ಬಾಕ್ಸಿನಲ್ಲಿ ಬಂದಿವೆ. ಇವು ಸ್ಪೋರ್ಟ್ಸ್ ಕಾರೇ ಅಲ್ಲ ಅನ್ನುವವರಿದ್ದಾರೆ. ನಮ್ಮ ರಸ್ತೆಯ ಅಳತೆಯಲ್ಲಿ ನನಗೆ ಇವು ಹೌದು. ಹಂಪ್‌ಗೆ ಹೊಟ್ಟೆ ತಾಗುವುದಿಲ್ಲ ಅನ್ನುವುದು ಮೇಲಿನ ಲಾಭ.

ನಿಜವಾದ ದೊಡ್ಡ ಕಾರೇ ಬೇಕು ಅನ್ನುವವರಿಗೆ ನಮ್ಮ ದೇಶದಲ್ಲಿ ಆಯ್ಕೆ ಕಿರಿದಾಗುತ್ತಿದೆ. ಬಿಎಂಡಬ್ಲ್ಯು ಎಂ2 2023ರಲ್ಲಿ ಇಲ್ಲಿಗೆ ಬಂದಾಗ ಆರು ಗೇರಿನ ಮ್ಯಾನ್ಯುವಲ್ಲಿನಲ್ಲೂ ಸಿಗುತ್ತಿತ್ತು. 2025ರಲ್ಲಿ ಬಂದ ಗಾಲ್ಫ್ ಜಿಟಿಐ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಎರಡೂ 265 ಅಶ್ವಶಕ್ತಿಯವು. ಎರಡಕ್ಕೂ ಏಳು ಗೇರಿನ ಡ್ಯುಯಲ್ ಕ್ಲಚ್ ಒಂದೇ ದಾರಿ. ಹೊರಗೂ ಇದೇ ಗತಿ. ಅಮೆರಿಕದ ಕಾರ್ವೆಟ್ 2020ರ ಮಾದರಿಯಿಂದ ಮ್ಯಾನ್ಯುವಲ್ ಬಿಟ್ಟಿತು. 2024ರಲ್ಲಿ ಬಂದ ಪೋರ್ಷೆಯ ಹೈಬ್ರಿಡ್ 911 ಜಿಟಿಎಸ್‌ಗೂ ಮ್ಯಾನ್ಯುವಲ್ ಇಲ್ಲ. ಹೊಗೆ, ಮೈಲೇಜ್ ಪರೀಕ್ಷೆಗಳಲ್ಲಿ ಕಂಪ್ಯೂಟರ್ ಹಾಕುವ ಗೇರಿಗೆ ಅಂಕ ಪಡೆಯುವುದು ಸುಲಭ. ಎರಡು ಬಗೆಯ ಗೇರ್‌ಬಾಕ್ಸಿಗೂ ಬೇರೆ ಬೇರೆ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆಯುವ ಖರ್ಚು ಬೇರೆ.

ಡ್ಯುಯಲ್ ಕ್ಲಚ್ಚಿನ ಕುರ್ಚಿಯೂ ಗಟ್ಟಿ ಇಲ್ಲ ಅನ್ನುವುದನ್ನೂ ಹೇಳಬೇಕು. 2008ರಲ್ಲಿ ತನ್ನ ಎಂ3 ಕಾರಿಗೆ ಡ್ಯುಯಲ್ ಕ್ಲಚ್ ತಂದ ಬಿಎಂಡಬ್ಲ್ಯು ಈಗ ಎಂ ಸಾಲಿನ ಸ್ಪೋರ್ಟ್ಸ್ ಕಾರುಗಳಿಗೆ ಎಂಟು ಗೇರಿನ ಟಾರ್ಕ್ ಕನ್ವರ್ಟರ್ ಹಾಕುತ್ತಿದೆ. ಅದು ಈಗ ಹೆಚ್ಚುಕಮ್ಮಿ ಅಷ್ಟೇ ಬೇಗ ಗೇರ್ ಬದಲಿಸುತ್ತದೆ, ತೆವಳುವಾಗ ಅಷ್ಟು ಬಿಸಿಯಾಗುವುದಿಲ್ಲ. ಘಟ್ಟದವರಿಗೆ ಇದು ಒಳ್ಳೆಯ ಸುದ್ದಿ. ಕರೆಂಟ್ ಕಾರಿಗೆ ಗೇರೇ ಬೇಕಿಲ್ಲ. ಆದರೂ ಹುಂಡೈ ತನ್ನ ಐಯೋನಿಕ್ 5 ಎನ್‌ನಲ್ಲಿ ಎಂಟು ಗೇರಿನ ಡ್ಯುಯಲ್ ಕ್ಲಚ್ ಇದ್ದ ಹಾಗೆ ನಟಿಸುವ ವ್ಯವಸ್ಥೆ ಮಾಡಿದೆ. ಗೇರ್ ಬದಲಾಗುವ ಆ ಸಣ್ಣ ತಳ್ಳಾಟ ಜನರಿಗೆ ಬೇಕು ಅಂತ ಅವರಿಗೂ ಅನ್ನಿಸಿದೆ.

ರಿಪೇರಿ ವಿಷಯ ಬೇಗ ಹೇಳಿಬಿಡುತ್ತೇನೆ. ಸಾಮಾನ್ಯ ಮ್ಯಾನ್ಯುವಲ್ ಕಾರಿನ ಕ್ಲಚ್ ಪ್ಲೇಟ್ ಹೋದರೆ ಶಿರಸಿಯಲ್ಲೋ ಕುಮಟಾದಲ್ಲೋ ಗ್ಯಾರೇಜಿನವರು ಬಿಚ್ಚಿ ಹಾಕಿಕೊಡುತ್ತಾರೆ. ಡ್ಯುಯಲ್ ಕ್ಲಚ್ಚಿನಲ್ಲಿ ಗೇರ್ ಆಡಿಸುವ ಎಲೆಕ್ಟ್ರಾನಿಕ್ ಭಾಗ ಕೈಕೊಟ್ಟರೆ ಕಾರನ್ನು ಹುಬ್ಬಳ್ಳಿಗೋ ಮಂಗಳೂರಿಗೋ ಲಾರಿಯಲ್ಲಿ ಹಾಕಿ ಕಳಿಸಬೇಕು. ಸಾಮಾನು ಬರಲು ದಿನಗಟ್ಟಲೆ ಕಾಯಬೇಕು. ಬೆಂಗಳೂರಿನಲ್ಲಿರುವವರಿಗೆ ಇದು ತೊಂದರೆಯೇ ಅಲ್ಲ. ಕಾರು ಇಡುವುದು ಊರಿನಲ್ಲಾದರೆ ಡ್ಯುಯಲ್ ಕ್ಲಚ್ಚಿಗೆ ವಾರಂಟಿ ಎಷ್ಟು ವರ್ಷ ಹೆಚ್ಚಿಸಲು ಆಗುತ್ತದೋ ಅಷ್ಟು ಹೆಚ್ಚಿಸಿಕೊಳ್ಳಿ, ಅಲ್ಲಿ ಚೌಕಾಸಿ ಮಾಡಬೇಡಿ.

ಭಾವನಿಗೆ ನಾನು ಹೇಳಿದ್ದು ಹೀಗೆ. ಮನೆಯಲ್ಲಿ ಒಂದೇ ಕಾರು ಇರುವುದಾದರೆ, ಹೆಂಡತಿ ಮಕ್ಕಳ ಜೊತೆ ಬೆಂಗಳೂರಿನ ಟ್ರಾಫಿಕ್ಕನ್ನೂ ಘಟ್ಟವನ್ನೂ ಅದರಲ್ಲೇ ದಾಟಬೇಕಾದರೆ, ಎಣ್ಣೆ ಕ್ಲಚ್ಚಿನ ಡ್ಯುಯಲ್ ಕ್ಲಚ್ ತಗೋ, ಇಲ್ಲವೇ ಟಾರ್ಕ್ ಕನ್ವರ್ಟರ್ ತಗೋ. ಒಣ ಕ್ಲಚ್ ಬೇಡ. ಮನೆ ಕಾರು ಬೇರೆ ಇದ್ದು, ಇದು ನಿನ್ನ ಖುಷಿಗೆ ಅಂತಾದರೆ ಮ್ಯಾನ್ಯುವಲ್ ಸಿಗುವಾಗಲೇ ತಗೋ. ಇನ್ನು ಐದು ವರ್ಷಕ್ಕೆ ಹೊಸದಾಗಿ ಸಿಗುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಆದರೆ ಟೆಸ್ಟ್ ಡ್ರೈವ್ ಖಾಲಿ ರಸ್ತೆಯಲ್ಲಿ ಮಾಡಬೇಡ. ಏರು ಇರುವ, ಗಾಡಿಗಳು ತುಂಬಿರುವ ಜಾಗಕ್ಕೆ ಒಯ್ಯಿ. ಎಡಗಾಲು ನೋಯುತ್ತದೋ ನೋಡಿಕೋ. ಕ್ಲಚ್ ಎಷ್ಟು ಮೇಲೆ ಹಿಡಿಯುತ್ತದೆ, ಎರಡನೇ ಗೇರು ಎಷ್ಟು ವೇಗದ ತನಕ ಎಳೆಯುತ್ತದೆ ಅಂತ ನೋಡಿಕೋ.

ಅವನು ಹೋದ ವಾರ ಫೋನ್ ಮಾಡಿದ್ದ. ಬೆಂಗಳೂರಿನ ಒಂದು ಫ್ಲೈಓವರ್ ಏರಿನಲ್ಲಿ, ಸಂಜೆ ಆರು ಗಂಟೆ ಟ್ರಾಫಿಕ್ಕಿನಲ್ಲಿ, ಮ್ಯಾನ್ಯುವಲ್ ಕಾರನ್ನು ನಲವತ್ತು ನಿಮಿಷ ಓಡಿಸಿ ನೋಡಿದನಂತೆ. ಜೊತೆಗಿದ್ದ ಷೋರೂಮ್ ಹುಡುಗ ಬೇಡ ಸರ್ ಅಂದರೂ ಬಿಡಲಿಲ್ಲವಂತೆ. ಎಡಗಾಲು ಸ್ವಲ್ಪ ನೋಯ್ತು ಅಂದ. ಮುಂದಿನ ತಿಂಗಳು ಅದೇ ಕಾರನ್ನು ಒಂದು ದಿನದ ಮಟ್ಟಿಗೆ ಶಿರಸಿಗೆ ತರಲು ಕೊಡುತ್ತಾರೋ ಅಂತ ಕೇಳಿದ್ದಾನೆ. ಕೊಟ್ಟರೆ ಬೆಳಿಗ್ಗೆ ಆರಕ್ಕೆ ರಾಗಿಹೊಸಳ್ಳಿಯಲ್ಲಿ ಚಾ ಕುಡಿದು ಇಬ್ಬರೂ ಘಟ್ಟ ಇಳಿಯುವುದು ಅಂತ ಮಾತಾಗಿದೆ.